ಹಿಂದೆ ಗಾಜಿಲ್ಲದ ಗಾಡಿ

ಜುಲೈ ೧, ಸೋಮವಾರ

ಇವತ್ತು ಗಾಡಿ ತಾಗಿಸಿದೆ. ತಾಗಿಸಿದೆ ಎಂದು ಬರೆಯುವುದೂ ಪೂರ್ತಿ ಸರಿಯಲ್ಲ. ತಾಗಲಿ ಎಂದು ಬಿಟ್ಟವರು ಬೇರೆ ಇದ್ದಾರೆ. ಅವರು ನನ್ನ ಅತ್ತೆ, ಗೋದಾಬಾಯಿ. ಇದನ್ನು ಯಾರೂ ಓದುವುದಿಲ್ಲ, ಆದ್ದರಿಂದ ಇಲ್ಲಿ ಅವರನ್ನು ಹೆಸರು ಹಿಡಿದೇ ಬರೆಯುತ್ತೇನೆ. ಎದುರಿಗೆ ಆಡಲಾಗದ್ದಕ್ಕೆ ಇಷ್ಟಾದರೂ ಸಮಾಧಾನ ಬೇಡವೇ?

ಮಾಳಮಡ್ಡಿಯ ನಮ್ಮ ಓಣಿ ನಮ್ಮ ಮನೆಗೇ ಮುಗಿಯುತ್ತದೆ. ಗಾಡಿ ಮೂತಿ ಮುಂದೆ ಮಾಡಿ ಒಳಗೆ ಬರುತ್ತದೆ, ತಿರುಗಿಸಲು ಜಾಗವಿಲ್ಲ, ಹಿಂದಕ್ಕೇ ಹೋಗಿ ರಸ್ತೆ ಮುಟ್ಟಬೇಕು. ಮತ್ತು ಆ ವ್ಯಾನಿಗೆ ಹಿಂದೆ ಗಾಜೇ ಇಲ್ಲ, ಪೂರಾ ತಗಡು. ಒಳಗಿನ ಕನ್ನಡಿಯಲ್ಲಿ ಊಟದ ಸ್ಟೀಲ್ ಡಬ್ಬಿಗಳು ಕಾಣುತ್ತವೆ, ಅವುಗಳ ಮೇಲೆ ನನ್ನದೇ ಸೊಟ್ಟ ಮುಖ. ಬದಿಯ ಕನ್ನಡಿಗಳಲ್ಲಿ ಎರಡೂ ಕಡೆಯ ಗೋಡೆ. ನಡುವೆ, ಬೆನ್ನಿಗೆ ಹತ್ತಿ ಏನು ನಿಂತಿದ್ದರೂ ದೇವರಿಗೇ ಗೊತ್ತು.

ಇವತ್ತು ದೇವರ ಜೊತೆ ಗೋದಾಬಾಯಿಗೂ ಗೊತ್ತಿತ್ತು. ಎದುರು ಮನೆಯ ಚಿನ್ಮಯೀ ತನ್ನ ಹೊಸ ಸ್ಕೂಟರನ್ನು ವ್ಯಾನಿನ ಹಿಂದೆ ನಿಲ್ಲಿಸಿ ಏನೋ ಮರೆತು ಒಳಗೆ ಓಡಿದ್ದಳು. ಗೋದಾಬಾಯಿ ಕಟ್ಟೆಯ ಮೇಲೆ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು. ನಾನು ಹಿಂದಕ್ಕೆ ಬಿಟ್ಟೆ. ಬಿಟ್ಟೆ, ಬಿಟ್ಟೆ, ಆಮೇಲೆ ಸದ್ದಾಯಿತು. ಇಳಿದು ನೋಡಿದರೆ ಸ್ಕೂಟರ್ ಅಡ್ಡ ಬಿದ್ದಿದೆ.

"ಅತ್ಯಾ, ನಿಮಗ ಕಾಣಿಸ್ಲಿಲ್ಲೇನು?"

"ಕಾಣಿಸ್ತು."

"ಮತ್ತ ಯಾಕ ಹೇಳ್ಲಿಲ್ಲ?"

"ಹೊಂಟವರನ್ನ ಹಿಂದಿನಿಂದ ಕರೀಬಾರದು."

ಮೈಯೆಲ್ಲ ಉರಿದುಹೋಯಿತು. "ಗಾಡಿ ಹೋಗ್ಲಿಕತ್ತಿದ್ದೇ ಹಿಂದಕ್ಕ! ನೀವು ನಿಂತದ್ದು ನನ್ನ ಮಾರಿ ಮುಂದಽ ಅಲ್ಲೇನು?" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀ ಹೊಂಟದ್ದು ಯಾವ ಕಡೆ?" ಎಂದು ಕೇಳಿ ಒಳಗೆ ಹೋದರು. ಒಗ್ಗರಣೆ ಸೀಯುತ್ತಿತ್ತಂತೆ.

ಜುಲೈ ೨, ಮಂಗಳವಾರ

ಆಶಿಷ್ ರಾತ್ರಿ ಊಟಕ್ಕೆ ಕೂತಾಗ ಬಾಯಿ ಬಿಟ್ಟ. ನನ್ನ ಗಂಡ ಬಾಯಿ ಬಿಡುವುದೇ ತೀರ್ಪು ಕೊಡುವುದಕ್ಕೆ.

"ನೋಡು ಋತುಜಾ, ಇನ್ನೊಮ್ಮೆ ಎಲ್ಲೆರ ತಾಗ್ತು ಅಂದ್ರ ಗಾಡಿ ಮಾರಿಬಿಡೋಣ. ಇವತ್ತ ಸ್ಕೂಟರ್. ನಾಳೆ ಮನುಷ್ಯಾರು."

ಗೋದಾಬಾಯಿ ಅವನ ತಟ್ಟೆಗೆ ತುಪ್ಪ ಬಡಿಸಿದರು. ನನಗೆ ಬಡಿಸಲಿಲ್ಲ. ಮರೆತಿರಬಹುದು ಎಂದು ಬರೆಯುವಷ್ಟು ಒಳ್ಳೆಯವಳಲ್ಲ ನಾನು.

ಆ ಗಾಡಿ ಹೋದರೆ ನನಗೆ ಉಳಿಯುವುದೇನು? ಶಾಲೆಯವರು ಟೀಚರ್ ಕೆಲಸದಿಂದ ಬಿಡಿಸಿದ ಮೇಲೆ ಒಂದು ವರ್ಷ ಈ ಮನೆಯ ನಾಲ್ಕು ಗೋಡೆಯೊಳಗೆ, ಈ ಹೆಂಗಸಿನ ಕೈಕೆಳಗೆ, ಚಪಾತಿ ಲಟ್ಟಿಸುತ್ತ ಕೂತಿದ್ದೆ. ಉಪ್ಪು ಹಾಕಿದರೆ ಹೆಚ್ಚು, ಹಾಕದಿದ್ದರೆ ಕಡಿಮೆ. ಕೇಶ್ವಾಪುರದ ಒಂದು ಟ್ಯೂಷನ್ ಕೇಂದ್ರದವರು ಮಧ್ಯಾಹ್ನದ ಊಟ ಕಳಿಸುತ್ತೀರಾ ಎಂದು ಕೇಳಿದಾಗ ವ್ಯಾನ್ ತೆಗೆದುಕೊಂಡೆ. ಅಡುಗೆ ಗೋದಾಬಾಯಿಯದು, ಗಾಡಿ ನನ್ನದು. ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಬರುವ ಆ ಹೊತ್ತಿನಲ್ಲಿ ಮಾತ್ರ ನನ್ನ ಉಸಿರು ನನ್ನದು.

ಗೋದಾಬಾಯಿಗೆ ಅದೇ ಚುಚ್ಚುತ್ತದೆ. ಮೊದಲು ಜನ ಇವರ ಹೋಳಿಗೆಗಾಗಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಈಗ ಇವರ ಅಡುಗೆ ತಗಡಿನ ಗಾಡಿಯಲ್ಲಿ ಹುಬ್ಬಳ್ಳಿಗೆ ಹೋಗುತ್ತದೆ. "ಹುಬ್ಬಳ್ಳಿ ಮಂದಿಗೆ ಹುಳಿ ರುಚಿ ಏನು ತಿಳೀತದ" ಎನ್ನುತ್ತಾರೆ. ಗಾಡಿ ಹೋಗಲಿ ಎಂದೇ ನಿನ್ನೆ ಬಾಯಿ ಮುಚ್ಚಿಕೊಂಡು ನಿಂತರು. ನನಗೆ ಅನುಮಾನವೇ ಇಲ್ಲ.

ಜುಲೈ ೫, ಶುಕ್ರವಾರ

ಡಬ್ಬಿ ಮುಟ್ಟಿಸಿ ಬರುವಾಗ ಕಮರಿಪೇಟೆಯಲ್ಲಿ ಸಲ್ಮಾನನ ಗ್ಯಾರೇಜಿಗೆ ಹೋದೆ. ಎರಡೂ ಬದಿಯ ಕನ್ನಡಿಗಳ ಮೂಲೆಗೆ ಉಬ್ಬಿದ ಸಣ್ಣ ಗುಂಡು ಕನ್ನಡಿ ಅಂಟಿಸಿದ. ಅದರಲ್ಲಿ ಹೆಚ್ಚು ಜಾಗ ಕಾಣುತ್ತದೆ, ಆದರೆ ಎಲ್ಲ ದೂರ ಇದ್ದಂತೆ ಕಾಣುತ್ತದೆ. ಎಮ್ಮೆ ಕೂಡ ಇಲಿಯಷ್ಟು.

"ಅಕ್ಕಾರ, ದೊಡ್ಡ ಕನ್ನಡ್ಯಾಗ ನಿಮ್ಮ ಗಾಡಿನಽ ಅರ್ಧ ಕಾಣಾಕತ್ತೈತಿ. ಅದನ್ನ ನೋಡಿ ಏನ ಮಾಡ್ತೀರಿ? ಹೊರಗ ತಿರುಗಸ್ರಿ," ಎಂದ.

"ಬರೋಬ್ಬರಿ ಹಿಂದ ಇದ್ದದ್ದು?"

"ಅದು ಕಾಣೂದಿಲ್ರಿ. ಕ್ಯಾಮೆರಾ ಹಾಕಿದ್ರ ಕಾಣ್ತೈತಿ, ಮಳ್ಯಾಗ ಅದಕ್ಕೂ ರಾಡಿ ಹತ್ತತೈತಿ. ಮನ್ಯಾಗ ಯಾರರ ಹಿಂದ ನಿಂತು ಬರ್ಲಿ ಬರ್ಲಿ ಅನ್ನವರು ಇಲ್ಲೇನ್ರಿ?"

ಇದ್ದಾರೆ, ಒಬ್ಬರು ಇದ್ದಾರೆ, ನಿಂತೂ ನಿಲ್ಲುತ್ತಾರೆ ಎಂದು ಹೇಳಬೇಕೆನಿಸಿತು. ಸಿಟ್ಟಿನಿಂದ ಹೊರಟುಬಂದೆ. ಅವನದೇನು ತಪ್ಪಿತ್ತು, ಪಾಪ.

ಜುಲೈ ೮, ಸೋಮವಾರ

ಹೊಸ ಉಪಾಯ ಮಾಡಿದ್ದೆ. ಹೋಗುವಾಗ ಹಿಂದಕ್ಕೆ ಬಿಡುವುದಕ್ಕಿಂತ ಬರುವಾಗಲೇ ಹಿಂದಕ್ಕೆ ಒಳಗೆ ತಂದು ನಿಲ್ಲಿಸಿದರೆ, ಬೆಳಿಗ್ಗೆ ಸೀದಾ ಮುಂದಕ್ಕೆ ಹೋಗಬಹುದು. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ. ರಸ್ತೆಯ ಮೇಲೆ ಹಾರ್ನ್ ಹೊಡೆಯುವವರಿಗೆಲ್ಲ ಮನಸ್ಸಿನಲ್ಲೇ ಬೈಯುತ್ತ, ಎರಡು ಸಲ ಇಳಿದು ನೋಡುತ್ತ, ಗೋಡೆಗೆ ತಾಗದಂತೆ ಒಳಗೆ ತಂದೆ. ಹೆಮ್ಮೆಯಾಯಿತು.

ಗೋದಾಬಾಯಿ ಅಡುಗೆಮನೆಯಿಂದ ಹೊರಗೆ ಬಂದರು. ವ್ಯಾನಿನ ಹಿಂದಿನ ಬಾಗಿಲು ಮನೆಯ ಬಾಗಿಲ ಕಡೆ ಇದ್ದದ್ದನ್ನು ನೋಡಿದರು. ಮುಖ ಸುಣ್ಣದ ಹಾಗಾಯಿತು.

"ಗಾಡಿ ತಿರುಗಿಸು."

"ಯಾಕ್ರಿ?"

"ಮನಿಗೆ ಬರೂ ಗಾಡಿ ಬೆನ್ನು ಮಾಡಿ ಬರಬಾರದು. ಹಂಗ ಬಂದದ್ದು ಒಂದಽ ಗಾಡಿ ಈ ಮನಿಗೆ. ತಿರುಗಿಸು ಅಂದೆ."

ಅವರ ದನಿ ಕೇಳಿ ಚಿನ್ಮಯೀ ಕಿಟಕಿಗೆ ಬಂದಳು. ಇಡೀ ಓಣಿಯ ಮುಂದೆ ನನ್ನ ಮಾನ ಕಳೆದರು. ಪ್ರತಿ ಮಾತಿಗೂ ಒಂದು ಆಡಬಾರದು, ಪ್ರತಿ ಕೆಲಸಕ್ಕೂ ಒಂದು ಮಾಡಬಾರದು. ಈ ಮನೆಯಲ್ಲಿ ಉಸಿರಾಡಬಾರದು ಎಂಬುದೊಂದೇ ಬಾಕಿ.

ಸಂಜೆ ಆಶಿಷ್‌ನನ್ನು ಕೇಳಿದೆ. ಅವನು ಚಪ್ಪಲಿ ಬಿಡುತ್ತ ಹೇಳಿದ: "ಅಪ್ಪನ್ನ ಹುಬ್ಬಳ್ಳಿಯಿಂದ ಆಂಬುಲೆನ್ಸಿನ್ಯಾಗ ತಂದ್ರಲ್ಲ, ಅದು ಹಿಂಗಽ ಬಂದು ನಿಂತಿತ್ತು." ನಾನು ಈ ಮನೆಗೆ ಬರುವ ಮೊದಲೇ ಹೋದವರು ಮಾವ ತ್ರ್ಯಂಬಕರಾಯರು. ನನಗೆ ಅವರು ಬರೀ ಫೋಟೋ.

ಅದಕ್ಕೂ ನನ್ನ ಗಾಡಿಗೂ ಏನು ಸಂಬಂಧ?

ಜುಲೈ ೯, ಮಂಗಳವಾರ

ಮತ್ತೆ ಮೂತಿ ಮುಂದೆ ಮಾಡಿಯೇ ಒಳಗೆ ತಂದೆ. ಅವರು ಹೇಳಿದರೆಂದಲ್ಲ. ಮಳೆ ಜೋರಿತ್ತು, ಇಳಿದು ಇಳಿದು ನೋಡಲು ಆಗುತ್ತಿರಲಿಲ್ಲ.

ಜುಲೈ ೧೫, ಸೋಮವಾರ

ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ಎರಡು ಗಾಲಿಯ ಮೇಲೆ ಓಡಾಡುವವರೆಲ್ಲ ನನ್ನ ವೈರಿಗಳು. ಇವತ್ತು ಉಣಕಲ್ ದಾಟಿ ಎಡಕ್ಕೆ ಸರಿಯಬೇಕಿತ್ತು. ದೊಡ್ಡ ಕನ್ನಡಿ ನೋಡಿದೆ, ಖಾಲಿ. ಗುಂಡು ಕನ್ನಡಿ ನೋಡಿದೆ, ಒಂದು ಚುಕ್ಕೆ. ರಾಡಿ ಇರಬೇಕು ಎಂದು ಸರಿದೆ. ಆ ಚುಕ್ಕೆ ಹೆಲ್ಮೆಟ್ ಇಲ್ಲದ ಒಬ್ಬ ಮನುಷ್ಯ, ಅವನ ಹಿಂದೆ ಸೀರೆ ಉಟ್ಟ ಹೆಂಡತಿ, ಅವಳ ಮಡಿಲಲ್ಲಿ ಬುಟ್ಟಿ. ಅವನು ಕೂಗಿದ್ದರಿಂದ ಬದುಕಿದ. ಎಂಥೆಂಥ ಬೈಗುಳ! ಗಾಜು ಇಳಿಸಿ ನಾನೂ ಬೈದೆ. ಗಾಡಿಯ ಮಗ್ಗುಲಿಗೆ ಅಂಟಿಕೊಂಡು ಬರುವವನಿಗೆ ಬುದ್ಧಿ ಬೇಡವೇ?

ಆಮೇಲೆ ಕೇಶ್ವಾಪುರದ ತನಕ ಯಾರನ್ನೂ ದಾಟದೆ ಹೋದೆ. ಇನ್ನು ಮೇಲೆ ಕನ್ನಡಿ ಏನೇ ಹೇಳಲಿ, ಸರಿಯುವ ಮೊದಲು ಕುತ್ತಿಗೆ ತಿರುಗಿಸಿ ನೋಡುವುದು, ಮೊದಲೇ ಸಿಗ್ನಲ್ ಹಾಕಿ ಕಾಯುವುದು. ಆದರೂ ಎಡಗಡೆ ಆ ತಗಡಿನ ಹಿಂದೆ ಒಂದು ಮನುಷ್ಯನಷ್ಟು ಜಾಗ ಎಂದಿಗೂ ಕಾಣುವುದಿಲ್ಲ.

ಒಂದು ಮಾತು ಮಾತ್ರ ತಲೆಯಲ್ಲಿ ಕೊರೆಯುತ್ತಿದೆ. ಆ ಹೊರಗಿನವನು ನನ್ನ ತಾಯಿಯನ್ನೂ ಬಿಡದೆ ಬೈದ. ಆದರೆ ಕೂಗಿದ. ಮನೆಯವರು ಕೂಗಲಿಲ್ಲ.

ಜುಲೈ ೧೯, ಶುಕ್ರವಾರ

ಗೋದಾಬಾಯಿ ಹೊಸ ಆಟ ಹೂಡಿದ್ದಾರೆ. ಈ ವಾರವೆಲ್ಲ ನಾನು ಡಬ್ಬಿ ತುಂಬಿ ಬಾಗಿಲು ಹಾಕುವ ಹೊತ್ತಿಗೆ, ಮಾವನ ಕಾಲದ ಕರಿ ಕೊಡೆ ಹಿಡಿದು, ಒಂದೂ ಮಾತಾಡದೆ ಓಣಿಯ ಬಾಯಿಗೆ ಹೋಗಿ ನಿಲ್ಲುತ್ತಾರೆ. ಬಾ ಎನ್ನುವುದಿಲ್ಲ, ಬೇಡ ಎನ್ನುವುದಿಲ್ಲ, ಕೈ ಕೂಡ ಮಾಡುವುದಿಲ್ಲ. ಮೇಲ್ವಿಚಾರಣೆ! ಪರೀಕ್ಷೆಯ ಹಾಲಿನಲ್ಲಿ ಮಕ್ಕಳ ಬೆನ್ನ ಹಿಂದೆ ನಾನು ಹೀಗೆಯೇ ನಿಲ್ಲುತ್ತಿದ್ದೆ. ನಕಲು ಹೊಡೆಯುವುದನ್ನು ಹಿಡಿಯಲು.

ನಿಲ್ಲಲಿ. ನನಗೂ ಒಂದು ಅನುಕೂಲವಾಗಿದೆ. ಬಲಗಡೆಯ ಕನ್ನಡಿಯಲ್ಲಿ ಆ ಕೊಡೆ ಕಾಣುತ್ತಿರುವಷ್ಟು ಹೊತ್ತು ಗಾಡಿ ಸೀದಾ ಹೋಗುತ್ತಿದೆ ಎಂದು ಅರ್ಥ. ಕಂಬವಾದರೂ ಅಷ್ಟೇ ಕೆಲಸ ಮಾಡುತ್ತಿತ್ತು.

ಇವತ್ತು ಬರಲು ತಡ ಮಾಡಿದರು. ಎಂಜಿನ್ ಚಾಲು ಮಾಡಿ ಸುಮ್ಮನೆ ಕೂತೆ. ಕಾಯುತ್ತಿದ್ದೆ ಎಂದಲ್ಲ, ಡೀಸೆಲ್ ಗಾಡಿ, ಒಂದಿಷ್ಟು ಬಿಸಿಯಾಗಲಿ ಎಂದು.

ಜುಲೈ ೨೬, ಶುಕ್ರವಾರ

ಇವತ್ತಿನದನ್ನು ಇವತ್ತೇ ಬರೆಯಬೇಕು. ಅಕ್ಷರ ಹೇಗೆ ಬೀಳುತ್ತದೋ ಬೀಳಲಿ.

ಬೆಳಿಗ್ಗೆ ಸಣ್ಣ ಮಳೆ. ಕೊಡೆ ಕನ್ನಡಿಯಲ್ಲಿತ್ತು. ನಿಧಾನ ಹಿಂದಕ್ಕೆ ಬಿಡುತ್ತಿದ್ದೆ. ಅರ್ಧ ಓಣಿ ದಾಟಿದ ಮೇಲೆ ನೋಡುತ್ತೇನೆ, ಕೊಡೆ ಇಲ್ಲ. ಬೇಸರ ಬಂದು ಒಳಗೆ ಹೋದರು ಎಂದುಕೊಂಡು ಇನ್ನೂ ಒಂದಿಷ್ಟು ಬಿಟ್ಟೆ. ಇನ್ನೂ ಒಂದಿಷ್ಟು ಬಿಟ್ಟೆ ಎಂಬುದನ್ನು ಒಮ್ಮೆ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಆಮೇಲೆ ಯಾಕೋ ಬ್ರೇಕ್ ಒತ್ತಿದೆ. ಒಳಗೆ ಹೋಗಬೇಕಾದರೆ ಅವರು ನನ್ನ ಬಾಗಿಲ ಪಕ್ಕದಿಂದಲೇ ಹಾಯಬೇಕು. ಹಾಯ್ದಿರಲಿಲ್ಲ.

ಇಳಿದು ಹಿಂದೆ ಹೋದೆ. ಕೊಡೆ ನೆಲಕ್ಕೆ ಬಿದ್ದಿತ್ತು. ಚಿನ್ಮಯಿಯ ಸಣ್ಣ ಮಗಳು, ಈಗಷ್ಟೇ ನಡೆಯಲು ಕಲಿತದ್ದು, ನೀರು ನಿಂತ ಕಡೆ ಕೂತು ಕೈ ಬಡಿಯುತ್ತಿತ್ತು. ಅತ್ತೆ ಅದಕ್ಕೂ ಗಾಡಿಗೂ ನಡುವೆ, ಗಾಡಿಗೆ ಬೆನ್ನು ಮಾಡಿ, ಬಾಗಿ ಅದನ್ನು ಎತ್ತಿಕೊಳ್ಳುತ್ತಿದ್ದರು. ಅವರ ಬೆನ್ನಿಗೂ ತಗಡಿಗೂ ನಡುವೆ ನನ್ನ ಅಂಗೈ ಹಿಡಿಯುವಷ್ಟು ಜಾಗವೂ ಇರಲಿಲ್ಲ.

ಕೂಗಿರಲಿಲ್ಲ. ಗಾಡಿ ಬರುವುದು ಕೇಳಿಸುತ್ತಿತ್ತು, ಮೈಗೆ ಹೊಗೆ ತಾಗುತ್ತಿತ್ತು, ಆದರೂ ಬಾಯಿ ತೆರೆದಿರಲಿಲ್ಲ.

ನನಗೆ ಏನು ಹೇಳುತ್ತಿದ್ದೇನೆ ಎಂಬ ಖಬರೇ ಇರಲಿಲ್ಲ. "ಸಾಯ್ಲಿಕ್ಕೆ ನಿಂತೀರೇನು? ನನ್ನ ಕೈಲಿಂದ ಸಾಯಬೇಕೇನು ನಿಮಗ? ಒಂದು ಮಾತು, ಬಾಯಿಂದ ಒಂದು ಮಾತು ಬರೂದಿಲ್ಲ ನಿಮಗ!" ಎಂದು ಓಣಿ ಹಾರಿಹೋಗುವ ಹಾಗೆ ಚೀರಿದೆ. ಕೂಸು ಹೆದರಿ ಅತ್ತಿತು. ಚಿನ್ಮಯೀ ಓಡಿ ಬಂದು ಅದನ್ನು ಕಿತ್ತುಕೊಂಡು ಒಳಗೆ ಹೋದಳು.

ಅತ್ತೆ ಕೊಡೆ ಎತ್ತಿಕೊಂಡು ಅದರ ರಾಡಿ ಝಾಡಿಸಿದರು.

"ಕರದು, ನಿನಗ ದಾರ್ಯಾಗ ಏನರ ಆದ್ರ?"

"ನನಗೇನಾಗ್ತದ?"

"ಅವರಿಗೇನಾತು? ಮೆಟ್ಟಲ ಇಳದು ಹೊಂಟಿದ್ರು. ರೀ, ಕೊತ್ತಂಬರಿ ತರ್ರಿ ಅಂತ ಹಿಂದಿನಿಂದ ಕರದೆ. ನಕ್ಕರು. ಮಧ್ಯಾಹ್ನಕ್ಕ ಗಾಡಿ ಬಂತು."

"ಅತ್ಯಾ, ಅವರದು ಹಾರ್ಟ್ ಅಟ್ಯಾಕ್. ಕೊತ್ತಂಬರಿ ಅಲ್ಲ."

"ಗೊತ್ತದ. ನೀ ಕಲಿತಾಕಿ, ನಿನಗೂ ಗೊತ್ತದ, ನನಗೂ ಗೊತ್ತದ. ಆದ್ರ ಗಂಟಲಿನಾಗಿಂದ ದನಿ ಬರೂದಿಲ್ಲ, ಏನು ಮಾಡ್ಲಿ?"

ಊಟ ತಡವಾಗಿ ಮುಟ್ಟಿತು. ಅಲ್ಲಿಯ ಮ್ಯಾನೇಜರ್ ಮುಖ ಗಂಟು ಹಾಕಿದ. ಹಾಕಿಕೊಳ್ಳಲಿ.

ಇಂಥ ಹಟಮಾರಿ ಹೆಂಗಸನ್ನು ನಾನು ಎಲ್ಲೂ ನೋಡಿಲ್ಲ.

ಜುಲೈ ೨೭, ಶನಿವಾರ

ಗಾಡಿ ತೆಗೆಯಲಿಲ್ಲ. ಕ್ಲಚ್ ಕೆಟ್ಟಿದೆ ಎಂದು ಹೇಳಿ ಡಬ್ಬಿಗಳನ್ನು ಬಾಡಿಗೆ ಆಟೋದಲ್ಲಿ ಕಳಿಸಿದೆ. ಕ್ಲಚ್ ಕೆಟ್ಟಿಲ್ಲ.

ಜುಲೈ ೨೯, ಸೋಮವಾರ

ಅವರು ಹುಳಿಗೆ ತೊಗರಿಬೇಳೆ ಹಾಕುತ್ತಿದ್ದಾಗ ಹೋಗಿ ಎದುರಿಗೆ ನಿಂತೆ.

"ಅತ್ಯಾ, ನೀವು ಕೂಗ್ತೀನಿ ಅಂದ್ರ ಗಾಡಿ ಇರ್ತದ. ಇಲ್ಲಾಂದ್ರ ನಾನಽ ಮಾರ್ತೀನಿ."

"ನಿನ್ನ ಗಾಡಿ. ನನಗೇನು ಕೇಳ್ತಿ?"

"ನಿಮ್ಮ ಮ್ಯಾಲೆ ಹಾಯಿಸಿ ಮಂದಿಗೆ ಊಟ ಮುಟ್ಟಸ್ಲೇನು?"

ಸೌಟು ತಿರುವುತ್ತಲೇ ಇದ್ದರು. ಈ ಮನೆಯಲ್ಲಿ ಕಲ್ಲಿನ ಜೊತೆ ಮಾತಾಡಬಹುದು, ಇವರ ಜೊತೆ ಆಗುವುದಿಲ್ಲ.

ರಾತ್ರಿ ಆಶಿಷ್, ಗಾಡಿ ಮಾರುವುದೇ ಛಲೋ, ಕಡೆಗೂ ನಿನಗೆ ಬುದ್ಧಿ ಬಂತು ಎಂದ. ಬಾಯಿ ಮುಚ್ಚಿಕೊಂಡು ಮಲಗು ಎಂದೆ. ಇವನಿಗೆ ಬುದ್ಧಿ ಯಾವಾಗ ಬರುತ್ತದೋ.

ಆಗಸ್ಟ್ ೨, ಶುಕ್ರವಾರ

ನವಲೂರಿನ ದುರಗಪ್ಪ ಎಂಬವನು ಗಾಡಿ ನೋಡಲು ಬಂದಿದ್ದ. ಗಾಲಿಗೆ ಕಾಲಿನಿಂದ ಒದ್ದು ನೋಡಿದ, ಬಾಗಿಲು ದಬ್ ಎಂದು ಹಾಕಿ ನೋಡಿದ. "ಹಿಂದ ಏನೂ ಕಾಣೂದಿಲ್ಲಲ್ರಿ," ಎಂದು ದೊಡ್ಡ ಶೋಧ ಮಾಡಿದವನಂತೆ ಹೇಳಿದ. ಮಂಗಳವಾರ ಸಂಜೆ ಬಂದು ಒಯ್ಯುತ್ತಾನಂತೆ. ಅವನ ಆ ಒದೆತ ನನಗೇ ಬಿದ್ದಂತಾಯಿತು. ಕಟ್ಟೆಯ ಮೇಲಿಂದ ಅತ್ತೆ ಎಲ್ಲ ನೋಡುತ್ತಿದ್ದರು. ನೋಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಮಂಗಳವಾರದ ತನಕ ನಾನೇ ಓಡಿಸುತ್ತೇನೆ. ಮೂರು ಹೆಜ್ಜೆಗೊಮ್ಮೆ ಇಳಿದು ಹಿಂದೆ ನೋಡಿ ಬಂದರೂ ಸರಿ. ಕೊಡೆ ಹಿಡಿದು ಬರಬೇಡಿ ಎಂದು ಅವರಿಗೆ ಹೇಳಿದ್ದೇನೆ.

ಆಗಸ್ಟ್ ೬, ಮಂಗಳವಾರ

ಗಾಡಿಯ ಕಡೆಯ ದಿನ ಎಂದುಕೊಂಡೇ ಡಬ್ಬಿ ತುಂಬಿದೆ. ಎದುರಿಗೆ ಯಾರ ಮುಖವನ್ನೂ ನೋಡಲಿಲ್ಲ. ಇಳಿದು ಹಿಂದೆ ನೋಡಿ ಬಂದೆ, ಓಣಿ ಖಾಲಿ. ಕೂತು ರಿವರ್ಸ್ ಹಾಕಿ ಬಿಟ್ಟೆ.

"ಋತುಜಾ! ನಿಲ್ಲ! ನಿಲ್ಲವಾ!"

ಈ ಮನೆಗೆ ಬಂದಾಗಿನಿಂದ ಅಂಥ ದನಿ ಕೇಳಿರಲಿಲ್ಲ. ಯಾರದೆಂದು ಗೊತ್ತಾಗಲೇ ಒಂದು ಕ್ಷಣ ಬೇಕಾಯಿತು. ಬ್ರೇಕ್ ಒತ್ತಿದ ರಭಸಕ್ಕೆ ಹಿಂದೆ ಡಬ್ಬಿಗಳೆಲ್ಲ ಒಂದಕ್ಕೊಂದು ಬಡಿದವು.

ಓಣಿಯ ಬಾಯಲ್ಲಿ ಗಟಾರದ ಹಾಸುಗಲ್ಲು ಇರಲಿಲ್ಲ. ಗಟಾರ ಬಳಿಯಲು ಬಂದವರು ನಾನು ನೋಡಿ ಬಂದು ಕೂತ ಮೇಲೆ ಎತ್ತಿ ಪಕ್ಕಕ್ಕೆ ಇಟ್ಟಿದ್ದರು, ಕಟ್ಟೆಯ ಮೇಲಿದ್ದ ಅತ್ತೆಗೆ ಅದು ಕಂಡಿತ್ತು. ಹಿಂದಿನ ಗಾಲಿ ಇನ್ನೊಂದು ಸುತ್ತು ತಿರುಗಿದ್ದರೆ ಗಾಡಿ, ಹುಳಿ, ಅನ್ನ, ನಾನು ಎಲ್ಲ ಅದರೊಳಗೆ. ಗಟಾರದವರ ಜೊತೆ ಜಗಳವಾಡಿ ಕಲ್ಲು ಮುಚ್ಚಿಸಿದೆ.

ತಿರುಗಿ ನೋಡಿದರೆ ಅತ್ತೆ ವ್ಯಾನಿನ ಬಾಗಿಲು ಹಿಡಿದು ನಿಂತಿದ್ದಾರೆ. ಕೈತುಂಬ ಕಡಲೆಹಿಟ್ಟು.

"ಇವತ್ತ ಹೋಗಬ್ಯಾಡ."

"ಊಟ ಯಾರು ಮುಟ್ಟಸ್ತಾರ್ರಿ? ಆಗ್ಲೇ ಹೊತ್ತಾಗೇದ."

"ಕರದಬಿಟ್ಟೆನಲ್ಲವಾ ನಾ. ಹಿಂದಿನಿಂದ ಕರದೆ."

"ಕರದ್ರಿ ಅಂತಽ ಉಳದೆ."

ಅವರು ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ಎಡಗಡೆಯ ಬಾಗಿಲು ತೆರೆದು ಹತ್ತಿ ಕೂತುಬಿಟ್ಟರು. ಈ ಗಾಡಿಯೊಳಗೆ ಅವರು ಕಾಲಿಟ್ಟದ್ದು ಇದೇ ಮೊದಲು. ಮನೆಯ ಬಾಗಿಲು ತೆರೆದೇ ಇತ್ತು, ಚಿನ್ಮಯಿಗೆ ಕೂಗಿ ಹೇಳಬೇಕಾಯಿತು.

"ಇದೇನ್ರಿ ಅತ್ಯಾ?"

"ನಡಿ. ಆಗೂದೇನದ ಇಬ್ಬರಿಗೂ ಆಗ್ಲಿ."

ಇದಕ್ಕೆ ಏನು ಹೇಳಬೇಕು? ಗೇರ್ ಹಾಕಿದೆ, ಒಂದೇ ಸಲಕ್ಕೆ ಬೀಳಲಿಲ್ಲ, ಸಿಟ್ಟಿಗೇ ಇರಬೇಕು.

ದಾರಿಯುದ್ದಕ್ಕೂ ಕಾಟ. ಸೀಟಿನ ತುದಿಗೆ ಕೂತು ಎರಡೂ ಕೈಯಿಂದ ಮುಂದೆ ಹಿಡಿದುಕೊಂಡು ಬಾಗಿದ್ದರಿಂದ ಎಡಗಡೆಯ ಕನ್ನಡಿ ಅವರ ತಲೆಯಿಂದ ಪೂರ್ತಿ ಮುಚ್ಚಿಹೋಯಿತು. ಹಿಂದೆ ಸರಿದು ಕೂಡ್ರಿ ಎಂದರೆ ಸರಿಯುವುದಿಲ್ಲ. ಕಡೆಗೆ ಬೇರೆ ದಾರಿ ಕಾಣದೆ ಅವರನ್ನೇ ಕೇಳತೊಡಗಿದೆ.

"ಎಡಕ್ಕ ಏನದ ನೋಡ್ರಿ."

"ಸೈಕಲ್ ಅದ. ತಡಿ. ಹೋತು. ಈಗ ಬಾ."

ಬಾ ಎಂದರು. ನಾನು ಕುತ್ತಿಗೆ ತಿರುಗಿಸದೆ ಸರಿದೆ. ಉಣಕಲ್ ಹತ್ತಿರ ಒಬ್ಬ ಸ್ಕೂಟರಿನವನು ಮಗ್ಗುಲಿಗೆ ಅಂಟಿಕೊಂಡಾಗ ಗಾಜು ಇಳಿಸಿ, "ಏ ತಮ್ಮಾ, ನಿಮ್ಮವ್ವ ಹಾದಿ ನೋಡೂದಿಲ್ಲೇನು ಮನ್ಯಾಗ? ಸರಿ ಆ ಕಡೆ!" ಎಂದು ಗದರಿದರು. ಅವನು ಬೆಪ್ಪಾಗಿ ಹಿಂದೆ ಉಳಿದ.

ಕೇಶ್ವಾಪುರಕ್ಕೆ ತಡವಾಗಿಯೇ ಮುಟ್ಟಿದೆವು. ಮ್ಯಾನೇಜರ್ ಇನ್ನೊಮ್ಮೆ ಹೀಗಾದರೆ ಬೇರೆಯವರಿಗೆ ಹೇಳುತ್ತೇನೆ ಎಂದ. ಡಬ್ಬಿ ಇಳಿಸುವಾಗ ದುರಗಪ್ಪನಿಗೆ ಫೋನ್ ಮಾಡಿ, ಸಂಜೆ ಬರಬೇಡ, ಗಾಡಿ ಕೊಡುವುದಿಲ್ಲ ಎಂದೆ. ಅವನು ಕಾರಣ ಕೇಳಿದ. ನಿನಗೇನು ಮಾಡುವುದಿದೆ ಎಂದು ಇಟ್ಟೆ.

ತಿರುಗಿ ಬರುವಾಗ ಅತ್ತೆಗೆ ನವನಗರ ದಾಟುವ ಮೊದಲೇ ನಿದ್ದೆ ಹತ್ತಿತು. ಬೆಳಗಿನ ಜಾವಕ್ಕೆ ಎದ್ದವರು. ತಲೆ ಗಾಜಿಗೆ ವಾಲಿತ್ತು, ಕನ್ನಡಿ ಮತ್ತೆ ಮುಚ್ಚಿಹೋಗಿತ್ತು, ಎಡಕ್ಕೆ ಏನಿದೆ ಎಂದು ಹೇಳುವವರು ಇರಲಿಲ್ಲ. ಎಬ್ಬಿಸಬಹುದಿತ್ತು. ಇಟ್ಟಿಗೆ ಹೇರಿಕೊಂಡ ಒಂದು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು, ಎಡಕ್ಕೂ ಸರಿಯದೆ ಬಲಕ್ಕೂ ಸರಿಯದೆ, ಧಾರವಾಡದ ತನಕ ಅದರ ವೇಗದಲ್ಲೇ ಬಂದೆ. ಹಿಂದಿನವರೆಲ್ಲ ಹಾರ್ನ್ ಹೊಡೆದು ಹೊಡೆದು ಬೈದರು. ಹೊಡೆದುಕೊಳ್ಳಲಿ, ನನಗೇನು.

ನಾಳೆ ಬೆಳಿಗ್ಗೆ ಆ ಎಡಗಡೆಯ ಸೀಟನ್ನು ಒಂದಿಷ್ಟು ಹಿಂದಕ್ಕೆ ಸರಿಸಬೇಕು.